ಸುಲ್ತಾನನಿಗೆ ವೋಟು ಹಾಕಿದವರು

ಕನ್ನಡದಲ್ಲಿ ‘ತುಘಲಕ್ ದರ್ಬಾರ್’ ಅನ್ನುವ ಮಾತು ಸವೆದ ನಾಣ್ಯದಂತಾಗಿದೆ. ಪಂಚಾಯ್ತಿ ಅಧ್ಯಕ್ಷರು ಬಸ್ ನಿಲ್ದಾಣವನ್ನು ಈ ಬದಿಯಿಂದ ಆ ಬದಿಗೆ ಹಾಕಿಸಿದರೂ ತುಘಲಕ್ ದರ್ಬಾರ್, ಕುಲಪತಿಗಳು ಪರೀಕ್ಷೆಯ ದಿನಾಂಕ ಬದಲಿಸಿದರೂ ತುಘಲಕ್ ದರ್ಬಾರ್, ಮಂತ್ರಿಯೊಬ್ಬರು ಬೆಳಿಗ್ಗೆ ಹೊರಡಿಸಿದ ಆದೇಶವನ್ನು ಸಂಜೆ ವಾಪಸು ಪಡೆದರೂ ಅದೇ. ಹೀಗೆ ಹೇಳುವಾಗ ನಾವು ನಗುತ್ತೇವೆ. ನನ್ನ ತಕರಾರು ಇರುವುದು ಈ ನಗುವಿನ ಬಗ್ಗೆ. ನಿರಂಕುಶ ಆಡಳಿತವೆಂದರೆ ಹುಚ್ಚಾಟ ಎಂದು ಈ ಮಾತು ನಮಗೆ ಕಲಿಸಿಬಿಟ್ಟಿದೆ. ಹಾಗಾಗಿ ಹುಚ್ಚಾಟವೇ ಇಲ್ಲದೆ, ಕಡತಕ್ಕೆ ಸಹಿ ಹಾಕಿಸಿ, ಸದನದಲ್ಲಿ ಕೈ ಎತ್ತಿಸಿ, ಗೆಜೆಟ್‌ನಲ್ಲಿ ಅಚ್ಚು ಮಾಡಿಸಿ ಬರುವ ನಿರಂಕುಶತೆ ಎದುರಿಗೇ ಬಂದು ನಿಂತರೂ ನಮಗೆ ಗುರುತು ಹತ್ತುವುದಿಲ್ಲ.

ಈ ತಕರಾರು ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಧನಕವಡಿಯಲ್ಲಿ ನಾವು ಹತ್ತು ಹನ್ನೆರಡು ಜನ ಕನ್ನಡದವರು ತಿಂಗಳಿಗೊಂದು ಭಾನುವಾರ ಸೇರಿ ಏನಾದರೂ ಓದುತ್ತೇವೆ. ಈ ಸಲ ಗಿರೀಶ ಕಾರ್ನಾಡರ ‘ತುಘಲಕ್’. ದೌಲತಾಬಾದ್ ಈಗ ನಾವು ಅನ್ನ ತಿನ್ನುವ ರಾಜ್ಯದಲ್ಲೇ ಇದೆ, ದಿಲ್ಲಿಯಿಂದ ಜನರನ್ನು ಎಬ್ಬಿಸಿ ತಂದ ಕಥೆ ಊರು ಬಿಟ್ಟು ಬಂದವರಿಗೆ ಹಿಡಿಸುತ್ತದೆ ಎಂಬ ಲೆಕ್ಕ ನಮ್ಮದು. ಓದು ಮುಗಿದು ಸುಲ್ತಾನನ ಒಂಟಿತನ, ಅವನ ಕನಸು, ಅವನ ಕ್ರೌರ್ಯ ಎಲ್ಲದರ ಬಗ್ಗೆ ಮಾತಾಯಿತು. ಕಟ್ಟಡದ ಕಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್ ಆಗಿರುವ ಇಂಡಿ ಕಡೆಯ ಹುಡುಗ ಕೊನೆಗೆ ಕೇಳಿದ: “ಎಲ್ಲಾ ಖರೇ ರೀ, ಆದ್ರ ಈ ಸುಲ್ತಾನಗ ವೋಟ್ ಹಾಕಿದವ್ರು ಯಾರ್ರೀ?” ಎಲ್ಲರೂ ನಕ್ಕರು. ಅವನು ಮಾತ್ರ ತಮಾಷೆಗೆ ಕೇಳಿರಲಿಲ್ಲ. ಸುಲ್ತಾನ ತಂದೆಯ ಸಿಂಹಾಸನಕ್ಕೆ ಏರಿದವನು. ಹಾಗಿದ್ದ ಮೇಲೆ ಅವನ ಕಥೆಯನ್ನು ನಮ್ಮ ಕಾಲದ ನಾಯಕರಿಗೆ ಹೊಂದಿಸಿ ಓದುವುದಕ್ಕೆ ನಮಗೆ ಏನು ಹಕ್ಕು? ಈ ಬರಹ ಅವನಿಗೆ ನಾನು ಕೊಡಲು ನೋಡುತ್ತಿರುವ ಉತ್ತರ.

ಮೊದಲು ನಾಟಕಕ್ಕೆ ಇರುವ ರೂಢಿಯ ಓದನ್ನು ನೋಡೋಣ. ‘ತುಘಲಕ್’ ಪ್ರಕಟವಾದದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷ. 1972ರಲ್ಲಿ ಬಂದ ಇಂಗ್ಲಿಷ್ ಆವೃತ್ತಿಗೆ ಯು. ಆರ್. ಅನಂತಮೂರ್ತಿ ಮುನ್ನುಡಿ ಬರೆದರು. ನೆಹರೂ ಯುಗದ ಆದರ್ಶ ಕರಗಿಹೋದ ಮೇಲೆ ಉಳಿದ ನಿರಾಸೆ ಈ ನಾಟಕದಲ್ಲಿದೆ ಎಂಬ ಓದು ಅಲ್ಲಿಂದ ಗಟ್ಟಿಯಾಯಿತು. ಈ ಓದಿನಲ್ಲಿ ಮುಹಮ್ಮದ್ ದೊಡ್ಡ ಕನಸುಗಾರ. ಕಾಲಕ್ಕಿಂತ ಮುಂದಿರುವವನು, ಜನ ಅರ್ಥಮಾಡಿಕೊಳ್ಳದವನು, ಕನಸು ಒಡೆದದ್ದರಿಂದಲೇ ಕ್ರೂರಿಯಾದವನು. ರಂಗದ ಮೇಲೂ ಈ ಮುಹಮ್ಮದನೇ ನಮ್ಮನ್ನು ಹಿಡಿದಿಟ್ಟ. ಸಿ. ಆರ್. ಸಿಂಹ ಮಾಡಿದ ತುಘಲಕ್‌ನನ್ನು ನೋಡಿದ ಹಿರಿಯರು ಇಂದಿಗೂ ಆ ಗತ್ತನ್ನು ನೆನೆಯುತ್ತಾರೆ.

ಈ ಓದಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಕನಸು ಒಡೆದವರೆಲ್ಲ ಸರ್ವಾಧಿಕಾರಿಗಳಾಗುವುದಿಲ್ಲ. ಬಹಳ ಮಂದಿ ಸುಮ್ಮನೆ ವಯಸ್ಸಾಗುತ್ತಾರೆ. ಮುಹಮ್ಮದ್ ಹಾಗಾದದ್ದು, ಅವನಿಗೆ ‘ಆಗುವುದಿಲ್ಲ’ ಎಂದು ಹೇಳಿ ಆ ಮಾತನ್ನು ಉಳಿಸಿಕೊಳ್ಳಬಲ್ಲ ಒಂದು ಕುರ್ಚಿಯೂ ಆ ರಾಜ್ಯದಲ್ಲಿ ಇರಲಿಲ್ಲವಾದ್ದರಿಂದ. ನಜೀಬ್ ಜಾಣ, ಆದರೆ ಅವನ ಜಾಣತನವೆಲ್ಲ ಸುಲ್ತಾನನ ಕೈಗೆ ಕತ್ತಿ ಕೊಡುವುದಕ್ಕೆ. ಬರನಿ ಒಳ್ಳೆಯವನು, ಅವನು ಮರುಗುತ್ತಾನೆ. ಮಲತಾಯಿಗೆ ಮಗನ ಮೇಲೆ ಪ್ರೀತಿ, ಆ ಪ್ರೀತಿಯಿಂದಲೇ ಅವಳು ನಜೀಬನನ್ನು ಕೊಲ್ಲಿಸುತ್ತಾಳೆ, ಅದಕ್ಕಾಗಿ ಸಾಯುತ್ತಾಳೆ. ಅಮೀರರು ಸಂಚು ಹೂಡುತ್ತಾರೆ. ಒಪ್ಪುವುದು, ಅಳುವುದು, ಕೊಲ್ಲುವುದು: ಸುಲ್ತಾನನ ಸುತ್ತ ಇರುವವರಿಗೆ ಈ ಮೂರು ದಾರಿ ಬಿಟ್ಟರೆ ನಾಲ್ಕನೆಯದಿಲ್ಲ. ಆ ನಾಲ್ಕನೆಯ ದಾರಿಗೇ ನಾವು ಪ್ರಜಾಪ್ರಭುತ್ವ ಎನ್ನುವುದು. ಚುನಾಯಿತ ನಾಯಕನೊಬ್ಬ ಸುಲ್ತಾನನಾಗುವುದೆಂದರೆ ‘ಆಗುವುದಿಲ್ಲ’ ಎನ್ನಬಲ್ಲ ಕುರ್ಚಿಗಳನ್ನು ಒಂದೊಂದಾಗಿ ತೆರವು ಮಾಡುವುದು. ಕುರ್ಚಿ ಅಲ್ಲೇ ಇರುತ್ತದೆ, ಕೂರುವವರು ಬದಲಾಗುತ್ತಾರೆ.

ನಮ್ಮಲ್ಲಿ ಇದು ಒಮ್ಮೆ ನಡೆದಿದೆ. 1971ರಲ್ಲಿ ಇಂದಿರಾ ಗಾಂಧಿ ಲೋಕಸಭೆಯ 352 ಸ್ಥಾನ ಗೆದ್ದು ಬಂದರು. ಅದು ಜನರೇ ಕೊಟ್ಟ ಬಹುಮತ. ಆ ಬಹುಮತದಿಂದ 1975ರ ಜೂನ್ 25ರ ರಾತ್ರಿಯವರೆಗಿನ ದಾರಿಯಲ್ಲಿ ಕನ್ನಡ ಜಗತ್ತಿನ ಹೆಜ್ಜೆ ಗುರುತುಗಳು ಎಷ್ಟಿವೆ ಎಂದು ಹುಡುಕುತ್ತಾ ಹೋದಾಗ ನನಗೇ ಆಶ್ಚರ್ಯವಾಯಿತು.

ನಾಟಕದ ಮೊದಲ ದೃಶ್ಯ ನ್ಯಾಯಾಲಯದ ಅಂಗಳದಲ್ಲಿ ನಡೆಯುತ್ತದೆ, 1327ರಲ್ಲಿ. ವಿಷ್ಣುಪ್ರಸಾದನೆಂಬ ಬ್ರಾಹ್ಮಣ ತನ್ನ ಭೂಮಿಯನ್ನು ಸರ್ಕಾರ ಅನ್ಯಾಯವಾಗಿ ಕಿತ್ತುಕೊಂಡಿತೆಂದು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಸುಲ್ತಾನ ತಲೆಬಾಗಿ ತೀರ್ಪನ್ನು ಒಪ್ಪುತ್ತಾನೆ, ಪರಿಹಾರ ಕೊಡುತ್ತಾನೆ, ಸರ್ಕಾರಿ ಕೆಲಸವನ್ನೂ ಕೊಡುತ್ತಾನೆ. ಜನ ಬೆರಗಾಗಿ ನಿಂತಿರುವಾಗಲೇ ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವ ಸುದ್ದಿ ಹೇಳುತ್ತಾನೆ. ಜನ ಚದುರಿದ ಮೇಲೆ ಆ ಬ್ರಾಹ್ಮಣ ನಿಜವಾಗಿ ಅಜೀಜ್ ಎಂಬ ಅಗಸ ಎಂದು ನಮಗೆ ತಿಳಿಯುತ್ತದೆ. ಎಂದರೆ ದಾವೆಯೇ ಸುಳ್ಳು. ಈ ದೃಶ್ಯವನ್ನು ಸುಲ್ತಾನನ ಮುಗ್ಧತೆಗೆ ಸಾಕ್ಷಿಯಾಗಿ ಓದುವವರಿದ್ದಾರೆ. ನನಗೆ ಕಾಣುವುದು ಬೇರೆ. ಇಲ್ಲಿ ನ್ಯಾಯ ಗೆದ್ದದ್ದು ಸುಲ್ತಾನ ಸೋಲಲು ಒಪ್ಪಿದ್ದರಿಂದ. ಅವನು ಒಪ್ಪದಿದ್ದರೆ ಕಾಜಿಯ ತೀರ್ಪಿಗೆ ಬೆಲೆಯೇನು? ಈ ಪ್ರಶ್ನೆಯನ್ನು ನಾಟಕ ಕೇಳುವುದಿಲ್ಲ. ಚರಿತ್ರೆ ಕೇಳಿತು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ, ರಾಯಬರೇಲಿಯಿಂದ ಪ್ರಧಾನಿಯ ಆಯ್ಕೆ ಅಸಿಂಧು ಎಂದರು. ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ ಎಂದರು. ಆರೋಪಗಳು ಕೊಲೆ ಸುಲಿಗೆಯವಲ್ಲ, ಚುನಾವಣೆಗೆ ಸರ್ಕಾರಿ ನೌಕರರನ್ನು ಬಳಸಿಕೊಂಡದ್ದು. ಆಗಸ್ಟ್‌ನಲ್ಲಿ ಸಂವಿಧಾನದ 39ನೇ ತಿದ್ದುಪಡಿ ಬಂತು. ಪ್ರಧಾನಿಯ ಆಯ್ಕೆಯನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಎಂದು ಅದು ಹೇಳಿತು. 7ಕ್ಕೆ ಲೋಕಸಭೆ, 8ಕ್ಕೆ ರಾಜ್ಯಸಭೆ, 9ಕ್ಕೆ ರಾಜ್ಯಗಳ ವಿಧಾನಸಭೆಗಳು, 10ಕ್ಕೆ ರಾಷ್ಟ್ರಪತಿಗಳ ಅಂಕಿತ. 11ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಅದೇ ಪ್ರಕರಣದ ವಿಚಾರಣೆ. ನಾಲ್ಕೇ ದಿನ. ಚುನಾವಣಾ ಕಾನೂನನ್ನೂ ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ ತಿದ್ದಲಾಯಿತು. ಇದರಲ್ಲಿ ಹುಚ್ಚಾಟ ಎಲ್ಲಿದೆ? ಎಲ್ಲವೂ ವಿಧಿವತ್ತಾಗಿ ನಡೆದಿದೆ. ಹಿಂದಿನ ದಿನಾಂಕದ ಕಾಗದ ಮಾಡಿಸಿ ಭೂಮಿ ಹೊಡೆದುಕೊಂಡ ಅಜೀಜ್ ಇದನ್ನು ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದ.

ಆದರೆ ಈ ಕಥೆಯಲ್ಲಿ ಕಾಜಿಯ ಕುರ್ಚಿ ಪೂರ್ತಿ ಖಾಲಿಯಾಗಿರಲಿಲ್ಲ. ನವೆಂಬರ್ 7ರಂದು ಸುಪ್ರೀಂ ಕೋರ್ಟು ತಿದ್ದಿದ ಕಾನೂನಿನ ಆಧಾರದಲ್ಲಿ ಪ್ರಧಾನಿಯ ಆಯ್ಕೆಯನ್ನು ಎತ್ತಿಹಿಡಿದರೂ, ಅದನ್ನು ಕೋರ್ಟಿನ ಕೈಗೆ ಸಿಗದಂತೆ ಮಾಡಿದ್ದ 39ನೇ ತಿದ್ದುಪಡಿಯ ಕಲಮನ್ನು ಹೊಡೆದುಹಾಕಿತು. ಅದಕ್ಕೆ ಆಸರೆಯಾದದ್ದು ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ 1973ರ ಏಪ್ರಿಲ್ 24ರ ತೀರ್ಪು. ಆ ಮೊಕದ್ದಮೆ ಹೂಡಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಗಡಿಯಾಚೆ ಉಳಿದುಹೋದ ಒಂದು ಕನ್ನಡದ ಮಠ ತನ್ನ ಭೂಮಿಯ ತಕರಾರಿಗೆಂದು ಕೋರ್ಟಿಗೆ ಹೋಯಿತು, ದೇಶಕ್ಕೆ ಒಂದು ಕಾವಲು ಸಿಕ್ಕಿತು. ಆ ತೀರ್ಪಿನಲ್ಲಿ ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಒಬ್ಬರು ಆಚೆ ಸರಿದಿದ್ದರೆ ಆ ಕಾವಲು ಇರುತ್ತಿರಲಿಲ್ಲ. ಏಳು ಜನರಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೆ. ಎಸ್. ಹೆಗ್ಡೆ. ತೀರ್ಪಿನ ಬೆನ್ನಿಗೇ ಹೆಗ್ಡೆ, ಶೆಲಟ್, ಗ್ರೋವರ್ ಮೂವರನ್ನೂ ಹಿಂದೆ ಹಾಕಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿ ಬರುವುದಕ್ಕೆ ಎರಡು ವರ್ಷ ಮೊದಲೇ ಒಂದು ಕುರ್ಚಿಯ ಮೇಲೆ ಕೈ ಇಟ್ಟಾಗಿತ್ತು.

ನಾಟಕದ ಮೂರನೆಯ ದೃಶ್ಯವನ್ನು ಈಗ ತೆಗೆಯೋಣ. ಸುಲ್ತಾನನನ್ನು ಬಹಿರಂಗವಾಗಿ ಟೀಕಿಸುವ ಶೇಖ್ ಇಮಾಮುದ್ದೀನನಿಗೆ ಸುಲ್ತಾನನೇ ಸಭೆ ಏರ್ಪಡಿಸುತ್ತಾನೆ. ಬಂದು ನನ್ನ ತಪ್ಪುಗಳನ್ನು ಹೇಳು ಎನ್ನುತ್ತಾನೆ. ವಾಕ್‌ಸ್ವಾತಂತ್ರ್ಯಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ? ಶೇಖ್ ಬರುತ್ತಾನೆ, ಜನ ಬರುವುದಿಲ್ಲ. ಬರದಂತೆ ಸೈನಿಕರೇ ತಡೆದಿದ್ದರೆಂದು ಮುಂದೆ ತಿಳಿಯುತ್ತದೆ. ಮಾತಾಡುವವನ ಬಾಯಿ ಕಟ್ಟುವ ಅಗತ್ಯವೇ ಇಲ್ಲ, ಕೇಳುವವರ ಕಿವಿಗೆ ಅದು ತಲುಪದಂತೆ ನೋಡಿಕೊಂಡರಾಯಿತು. 1975ರ ಜೂನ್ 25ರ ರಾತ್ರಿ ದಿಲ್ಲಿಯ ಬಹದ್ದೂರ್ ಶಾ ಜಫರ್ ಮಾರ್ಗದಲ್ಲಿದ್ದ ಪತ್ರಿಕೆಗಳ ಕಚೇರಿಗೆ ಕರೆಂಟು ಹೋಯಿತು. ಸಂಪಾದಕೀಯ ಬರೆದವರು ಬರೆದೇ ಇದ್ದರು. ಅಚ್ಚಾಗಲಿಲ್ಲ, ಅಷ್ಟೆ. ಮಂತ್ರಿಮಂಡಲಕ್ಕೆ ಸುದ್ದಿ ತಿಳಿದದ್ದು ಮರುದಿನ ಬೆಳಗ್ಗೆ, ರಾಷ್ಟ್ರಪತಿಗಳ ಸಹಿ ಆದಮೇಲೆ. ಅಲ್ಲಿ ಕೂತಿದ್ದ ಮಂತ್ರಿಗಳಿಗೆ ಬಾಯಿ ಇತ್ತು. ಅವರೂ ಒಪ್ಪಿದರು.

ಆರನೆಯ ದೃಶ್ಯದಲ್ಲಿ ಕಾರ್ನಾಡರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಕೊಲ್ಲಲು ಬಂದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಿಂದಲೇ ಇರಿದು ಕೊಲ್ಲುತ್ತಾನೆ. ಆಮೇಲೆ ಅವನು ನನ್ನನ್ನು ಕಾಪಾಡಲು ಹೋಗಿ ಸತ್ತ ಹುತಾತ್ಮ ಎಂದು ಡಂಗುರ ಹೊಡೆಸುತ್ತಾನೆ. ಸತ್ತವನ ಸಾವನ್ನೂ ಕಿತ್ತುಕೊಳ್ಳುವ ಈ ಜಾಗದಲ್ಲಿ ನನಗೆ ಪ್ರತಿ ಸಲ ನೆನಪಾಗುವುದು ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಿತ್ರದಲ್ಲಿ ಕಾರ್ನಾಡರ ಪ್ರಾಣೇಶಾಚಾರ್ಯನ ಎದುರು ಚಂದ್ರಿಯಾದವರು. 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಅವರಿಗೆ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಿಟ್ಟ ಕೆಲವೇ ದಿನಕ್ಕೆ, 20ನೇ ತಾರೀಖು ಅವರು ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕ್. ಅವರ ಪತಿ ಪಟ್ಟಾಭಿರಾಮ ರೆಡ್ಡಿ, ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕದ ಆಧಾರದ ಮೇಲೆ ‘ಚಂಡಮಾರುತ’ ಚಿತ್ರ ಮಾಡಿದರು. ನಮ್ಮಲ್ಲಿ ಎಷ್ಟು ಜನ ಅದನ್ನು ನೋಡಿದ್ದೇವೆ?

ಪುಣೆಯವರಾದ ನಮಗೆ ಇಲ್ಲಿ ಇನ್ನೊಂದು ನಂಟಿದೆ. ತುರ್ತು ಪರಿಸ್ಥಿತಿ ಬಂದಾಗ ಕಾರ್ನಾಡರು ಇದ್ದದ್ದು ಇದೇ ಊರಿನಲ್ಲಿ, ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ. ಅದು ಕೇಂದ್ರ ಸರ್ಕಾರದ ಸಂಸ್ಥೆ. ಅವರು ಆ ಹುದ್ದೆ ಬಿಟ್ಟರು. ಊರಿನ ಇನ್ನೊಂದು ತುದಿಯ ಯೆರವಾಡಾ ಜೈಲಿನಲ್ಲಿ ಆರೆಸ್ಸೆಸ್‌ನವರು, ಸಮಾಜವಾದಿಗಳು ಒಟ್ಟಿಗೆ ಕೂತಿದ್ದರು. ಧನಕವಡಿಯಿಂದ ಕಾತ್ರಜ್ ಘಾಟ್ ಹತ್ತಿ ಬೆಳಗಾವಿಯ ಕಡೆ ಹೊರಟರೆ ಸಾತಾರಾ ದಾಟಿ ಕರಾಡ್ ಸಿಗುತ್ತದಲ್ಲ, 1975ರ ಕೊನೆಯಲ್ಲಿ ಅಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷೆ ದುರ್ಗಾ ಭಾಗವತ್. ಸ್ವಾಗತ ಸಮಿತಿಗೆ ಕೇಂದ್ರ ಮಂತ್ರಿ ಯಶವಂತರಾವ್ ಚವಾಣರೇ ಅಧ್ಯಕ್ಷರು. ಆ ವೇದಿಕೆಯಲ್ಲೇ ದುರ್ಗಾಬಾಯಿ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಮಾತಾಡಿದರು, ಮುಂದೆ ಜೈಲಿಗೂ ಹೋದರು. ಊರಿನ ಬಸ್ಸು ಕರಾಡಿನಲ್ಲಿ ಚಹಾಕ್ಕೆ ನಿಂತಾಗ ಇದನ್ನು ನೆನೆಯಬಹುದು. ಇಮಾಮುದ್ದೀನನ ಸಭೆ ಖಾಲಿಯಿತ್ತು, ಇವರದು ತುಂಬಿತ್ತು.

ಇನ್ನು ಅಜೀಜ್. ನನ್ನ ಓದಿನಲ್ಲಿ ನಾಟಕದ ನಡುಗಂಬ ಅವನೇ. ಸುಲ್ತಾನನ ಪ್ರತಿಯೊಂದು ಘೋಷಣೆಯನ್ನೂ ಅವನು ಕಿವಿಗೊಟ್ಟು ಕೇಳುತ್ತಾನೆ. ಹಿಂದೂಗಳಿಗೆ ನ್ಯಾಯ ಎಂದಾಗ ಬ್ರಾಹ್ಮಣನಾಗುತ್ತಾನೆ, ತಾಮ್ರದ ನಾಣ್ಯ ಎಂದಾಗ ಖೋಟಾ ನಾಣ್ಯ ಅಚ್ಚು ಹಾಕುತ್ತಾನೆ, ಖಲೀಫರ ವಂಶಸ್ಥ ಬರುತ್ತಾನೆ ಎಂದಾಗ ಅವನನ್ನು ಕೊಂದು ಅವನ ವೇಷ ತೊಡುತ್ತಾನೆ. ಏಳನೆಯ ದೃಶ್ಯ ಊರು ಬಿಟ್ಟವರು ಓದಲೇಬೇಕಾದದ್ದು. ದೌಲತಾಬಾದಿನ ದಾರಿಯ ಡೇರೆಯೊಂದರಲ್ಲಿ ಸಾಯುತ್ತಿರುವ ಮಗುವನ್ನು ಎತ್ತಿಕೊಂಡ ತಾಯಿ ವೈದ್ಯನ ಹತ್ತಿರ ಹೋಗಲು ಬಿಡಿ ಎಂದು ಬೇಡುತ್ತಾಳೆ. ಅಧಿಕಾರಿಯಾದ ಅಜೀಜ್ ದುಡ್ಡು ಕೇಳುತ್ತಾನೆ. ಸುಲ್ತಾನನಿಗೆ ಈ ಹೆಂಗಸು ಇರುವುದೂ ಗೊತ್ತಿಲ್ಲ. ಅವನ ಆಜ್ಞೆ ಇಳಿಯುತ್ತಾ ಇಳಿಯುತ್ತಾ ಇವಳ ಹತ್ತಿರ ಬರುವ ಹೊತ್ತಿಗೆ ಅಜೀಜನ ಮುಖ ಹೊತ್ತಿರುತ್ತದೆ.

ಮೇಲಿನ ಕುರ್ಚಿಗಳು ಖಾಲಿಯಾದಾಗ ಕೆಳಗಿನ ಪ್ರತಿ ಮೇಜಿನ ಹಿಂದೆಯೂ ಒಬ್ಬ ಸುಲ್ತಾನ ಹುಟ್ಟುತ್ತಾನೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಮೇಲಿನಿಂದ ಬಂದದ್ದು ಒಂದು ಗುರಿ, ಒಂದು ಅಂಕಿ. ಅದನ್ನು ಮುಟ್ಟಿಸಲು ಮಾಸ್ತರರಿಗೆ, ತಲಾಠಿಗಳಿಗೆ, ಪೊಲೀಸರಿಗೆ ಹಂಚಿಕೆಯಾಯಿತು. ಇಷ್ಟು ‘ಕೇಸು’ ತರದಿದ್ದರೆ ಸಂಬಳ ಇಲ್ಲ, ಬಡ್ತಿ ಇಲ್ಲ. ಒತ್ತಾಯದ ಶಸ್ತ್ರಚಿಕಿತ್ಸೆಗೆ ಕಾನೂನಿನ ಬಲ ಕೊಡುವ ಮಸೂದೆಯೊಂದನ್ನು ಮಹಾರಾಷ್ಟ್ರದ ವಿಧಾನಸಭೆ 1976ರಲ್ಲಿ ಪಾಸು ಮಾಡಿತ್ತು. ರಾಷ್ಟ್ರಪತಿಗಳ ಅಂಕಿತ ಸಿಗದೆ ಅದು ಉಳಿದುಹೋಯಿತು. ವಿಚಾರಣೆಯಿಲ್ಲದೆ ಹಿಡಿದಿಟ್ಟವರ ಸಂಖ್ಯೆ ಶಾ ಆಯೋಗದ ಲೆಕ್ಕದಲ್ಲಿ 1 ಲಕ್ಷ 10 ಸಾವಿರ ದಾಟುತ್ತದೆ. ಒಬ್ಬ ನಾಯಕಿಯ ಹೆಸರನ್ನು ಹೇಳಿ ಇಷ್ಟೂ ಕೈಗಳನ್ನು ತೊಳೆಯಲಾಗುವುದಿಲ್ಲ. ಪ್ರತಿಯೊಂದು ಬಂಧನಕ್ಕೂ ಯಾರೋ ಒಬ್ಬ ಅಧಿಕಾರಿ ಸಹಿ ಹಾಕಿದ್ದಾನೆ, ಯಾರೋ ಒಬ್ಬ ಗುಮಾಸ್ತ ಅದನ್ನು ಟೈಪು ಮಾಡಿದ್ದಾನೆ.

ಹಾಗೆಯೇ ಸಹಿ ಹಾಕದವರೂ ಇದ್ದರು. ಬೆಂಗಳೂರಿನಲ್ಲಿ ಬಂಧಿತರಾದ ಅಡ್ವಾಣಿ, ಮಧು ದಂಡವತೆ ಮೊದಲಾದವರ ಅರ್ಜಿ ಕರ್ನಾಟಕ ಹೈಕೋರ್ಟಿಗೆ ಬಂದಾಗ, ಅರ್ಜಿಯನ್ನು ಕೇಳುವ ಅಧಿಕಾರವೇ ಕೋರ್ಟಿಗೆ ಇಲ್ಲ ಎಂಬ ಸರ್ಕಾರದ ವಾದವನ್ನು ನ್ಯಾಯಮೂರ್ತಿಗಳಾದ ಡಿ. ಎಂ. ಚಂದ್ರಶೇಖರ್ ಮತ್ತು ಸದಾನಂದಸ್ವಾಮಿ ಒಪ್ಪಲಿಲ್ಲ. ಒಬ್ಬರನ್ನು ಅಲಹಾಬಾದಿಗೆ, ಇನ್ನೊಬ್ಬರನ್ನು ಗುವಾಹಟಿಗೆ ವರ್ಗ ಮಾಡಲಾಯಿತು. ಅದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ, 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಕಡೆ ನಿಂತರು. ಎಚ್. ಆರ್. ಖನ್ನಾ ಒಬ್ಬರೇ ಆಗುವುದಿಲ್ಲ ಎಂದರು. ಆ ನಾಲ್ವರಲ್ಲಿ ಒಬ್ಬರು ಇದೇ ಪುಣೆಯಲ್ಲಿ ಹುಟ್ಟಿದ ವೈ. ವಿ. ಚಂದ್ರಚೂಡ್. ಆರು ತಿಂಗಳ ಹಿಂದೆ 39ನೇ ತಿದ್ದುಪಡಿಯ ಆ ಕಲಮನ್ನು ಹೊಡೆದುಹಾಕಿದ ಪೀಠದಲ್ಲಿ ಗಟ್ಟಿಯಾಗಿ ನಿಂತಿದ್ದವರೂ ಅವರೇ. ಒಂದು ದಿನ ಆಗುವುದಿಲ್ಲ ಎಂದ ಮನುಷ್ಯ ಇನ್ನೊಂದು ದಿನ ಆಗಲಿ ಎನ್ನುತ್ತಾನೆ. ಆದ್ದರಿಂದ ಒಳ್ಳೆಯವರನ್ನು ಕುರ್ಚಿಯಲ್ಲಿ ಕೂರಿಸಿ ನಿಶ್ಚಿಂತರಾಗುವಂತಿಲ್ಲ. ಖನ್ನಾ ಮುಖ್ಯ ನ್ಯಾಯಮೂರ್ತಿ ಆಗಲಿಲ್ಲ.

‘ತುಘಲಕ್’ ನಾಟಕದಲ್ಲಿ ನನಗೆ ಎಲ್ಲಕ್ಕಿಂತ ಹರಿತವಾಗಿ ಕಾಣುವುದು ಪ್ರಾರ್ಥನೆಯ ಕಥೆ. ಮೊದಲಿಗೆ ಸುಲ್ತಾನ ದಿನಕ್ಕೆ ಐದು ಹೊತ್ತಿನ ನಮಾಜನ್ನು ಕಾನೂನು ಮಾಡುತ್ತಾನೆ, ತಪ್ಪಿಸಿದವರಿಗೆ ಶಿಕ್ಷೆ. ಪ್ರಾರ್ಥನೆಯ ಹೊತ್ತಿನ ಸಂಚಿನ ನಂತರ ಅದನ್ನೇ ನಿಷೇಧಿಸುತ್ತಾನೆ. ವರ್ಷಗಳ ಮೇಲೆ, ಖಲೀಫರ ವಂಶಸ್ಥ ಬಂದನೆಂದು ಮತ್ತೆ ಶುರು ಮಾಡಿಸುತ್ತಾನೆ. ಬಂದವನು ವೇಷದ ಅಜೀಜ್. ಅಷ್ಟರಲ್ಲಿ ಜನಕ್ಕೆ ಪ್ರಾರ್ಥನೆ ಬೇಡವಾಗಿದೆ, ಅನ್ನ ಬೇಕಾಗಿದೆ. ಪ್ರಾರ್ಥನೆಯ ಜಾಗದಲ್ಲಿ ಚುನಾವಣೆಯನ್ನು ಇಟ್ಟು ನೋಡಿ. 1976ರ ಮಾರ್ಚ್‌ಗೆ ಮುಗಿಯಬೇಕಾಗಿದ್ದ ಲೋಕಸಭೆಯ ಅವಧಿಯನ್ನು ಫೆಬ್ರವರಿಯಲ್ಲಿ ಒಂದು ವರ್ಷ, ನವೆಂಬರ್‌ನಲ್ಲಿ ಇನ್ನೊಂದು ವರ್ಷ ಬೆಳೆಸಲಾಯಿತು. ಜನ ಆರಿಸಿದ ಸದನ, ಜನರನ್ನು ಕೇಳದೆ, ತನ್ನ ಆಯುಷ್ಯವನ್ನು ತಾನೇ ಬರೆದುಕೊಂಡಿತು. ಲೋಕದಲ್ಲಿ ಇದು ಹೊಸದೇನಲ್ಲ. ಫಿಲಿಪೀನ್ಸಿನ ಮಾರ್ಕೋಸ್ 1965ರಲ್ಲೂ 1969ರಲ್ಲೂ ಚುನಾವಣೆ ಗೆದ್ದು ಬಂದವರು. ಮೂರನೆಯ ಸಲ ನಿಲ್ಲಲು ಸಂವಿಧಾನದಲ್ಲಿ ಅವಕಾಶವಿರಲಿಲ್ಲ. 1972ರಲ್ಲಿ ಸೈನಿಕ ಕಾನೂನು ಹೇರಿ, ಸಂವಿಧಾನವನ್ನೇ ಬದಲಿಸಿ, 1986ರವರೆಗೆ ಕೂತರು.

ಇಲ್ಲಿ ಹಾಗಾಗಲಿಲ್ಲ. 1977ರ ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು, ಮಾರ್ಚ್‌ನಲ್ಲಿ ಸೋತರು, ರಾಯಬರೇಲಿಯಲ್ಲಿ ಸ್ವತಃ ಸೋತರು, ಸೋಲನ್ನು ಒಪ್ಪಿ ಇಳಿದರು. ನಾಟಕ ನಮಗೆ ಸಹಾಯ ಮಾಡುವುದು ಇಲ್ಲಿಯವರೆಗೆ. ಸುಲ್ತಾನನ ಪ್ರಜೆಗಳಿಗೆ ಉಳಿದಿದ್ದು ದಂಗೆ ಮಾತ್ರ, ಅವನಿಗೆ ಉಳಿದಿದ್ದು ನಿದ್ದೆ ಮಾತ್ರ. ವೋಟು ಇರುವ ಜನರ ಕಥೆಯನ್ನು ಈ ನಾಟಕದ ಒಳಗೆ ತುರುಕಲು ಬರುವುದಿಲ್ಲ. ಪ್ರತಿ ನಾಯಕನ ಮೇಲೂ ‘ತುಘಲಕ್’ ಎಂಬ ಚೀಟಿ ಅಂಟಿಸುವಾಗ ನಾವು ಮರೆಯುವುದು ಇದನ್ನೇ: ನಮ್ಮನ್ನು ನಾವು ಆ ಅಂಗಳದಲ್ಲಿ ಬಾಯಿ ತೆರೆದು ನಿಂತ ಗುಂಪು ಮಾಡಿಕೊಳ್ಳುತ್ತೇವೆ. ಹೊಣೆ ಜಾರಿಹೋಗುತ್ತದೆ.

ಇಂಡಿಯ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ, ಮತ್ತು ಅದು ಮುಜುಗರದ ಉತ್ತರ. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದಕ್ಕೇ ಕೊಟ್ಟಿತು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಗೆದ್ದವರು ಅದೇ ಕೆ. ಎಸ್. ಹೆಗ್ಡೆ. ಮುಂದೆ ಅವರು ಲೋಕಸಭೆಯ ಸ್ಪೀಕರ್ ಆದರು. ಮರು ವರ್ಷ, 1978ರ ನವೆಂಬರ್‌ನಲ್ಲಿ, ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ವೀರೇಂದ್ರ ಪಾಟೀಲರ ಎದುರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿ ಮತ್ತೆ ಲೋಕಸಭೆಗೆ ಕಳಿಸಿತು. ಸ್ನೇಹಲತಾ ಸತ್ತು ಎರಡು ವರ್ಷವೂ ಆಗಿರಲಿಲ್ಲ.

ಆ ಮತದಾರರನ್ನು ದಡ್ಡರೆಂದು ಬೈಯುವ ಲೇಖನಗಳನ್ನು ಓದಿದ್ದೇನೆ. ನನಗೆ ಹಾಗೆ ಬೈಯಲು ಬಾಯಿ ಬರುವುದಿಲ್ಲ. ಅದೇ ವರ್ಷಗಳಲ್ಲಿ ದೇವರಾಜ ಅರಸರ ಸರ್ಕಾರ ಗೇಣಿದಾರರಿಗೆ ಭೂಮಿ ಕೊಡಿಸುತ್ತಿತ್ತು. 1974ರ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗಳ ಎದುರು ನಿಂತು ಮೊದಲ ಸಲ ಧಣಿಯ ವಿರುದ್ಧ ಬಾಯಿ ಬಿಟ್ಟ ಕುಟುಂಬಗಳಿದ್ದವು. ಉತ್ತರದ ಹಳ್ಳಿಗಳಲ್ಲಿ ನಡೆದಂಥ ಒತ್ತಾಯ ಇಲ್ಲಿ ಅಷ್ಟು ತಟ್ಟಿರಲಿಲ್ಲ. ಮೂರು ಎಕರೆ ಪಡೆದ ಮನೆಗೆ ಸೆಂಟ್ರಲ್ ಜೈಲಿನಲ್ಲಿ ಉಸಿರಿಗಾಗಿ ಒದ್ದಾಡುವ ನಟಿಯೊಬ್ಬಳ ಸಂಕಟ ಹೇಗೆ ಮುಟ್ಟಬೇಕು, ಪತ್ರಿಕೆಯಲ್ಲಿ ಅದು ಅಚ್ಚಾಗುವಂತೆಯೇ ಇಲ್ಲದಿದ್ದಾಗ? ಒಂದೇ ಕೈ ಒಬ್ಬರಿಗೆ ಭೂಮಿ ಕೊಡುತ್ತದೆ, ಇನ್ನೊಬ್ಬರ ಬಾಗಿಲಿಗೆ ಬೀಗ ಹಾಕುತ್ತದೆ. ಚುನಾಯಿತ ನಾಯಕ ಸುಲ್ತಾನನಾಗುವುದು ಜನದ್ವೇಷಿಯಾಗಿ ಅಲ್ಲವೇ ಅಲ್ಲ. ಬಹಳಷ್ಟು ಜನರಿಗೆ ಅವನು ಒಳ್ಳೆಯದನ್ನೇ ಮಾಡಿರುತ್ತಾನೆ. ನಮಗೆ ಸಿಕ್ಕಿದ್ದನ್ನು ಎಣಿಸಿ ವೋಟು ಹಾಕುತ್ತೇವೆ, ಪಕ್ಕದ ಮನೆಯವರಿಂದ ಕಿತ್ತದ್ದನ್ನು ಎಣಿಸುವುದಿಲ್ಲ. ಸುಲ್ತಾನನಿಗೆ ವೋಟು ಹಾಕಿದವರು ನಾವೇ, ಅದೂ ಸಕಾರಣವಾಗಿ. ಈ ‘ಸಕಾರಣ’ವನ್ನು ಅರ್ಥಮಾಡಿಕೊಂಡು ಬರೆದ ನಾಟಕ ಕನ್ನಡಕ್ಕೆ ಇನ್ನೂ ಬೇಕಾಗಿದೆ.

ಇದೆಲ್ಲ ಹಳೆಯದು ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಪುಣೆ ಮಹಾನಗರಪಾಲಿಕೆಯ ಅವಧಿ ಮುಗಿದದ್ದು 2022ರ ಮಾರ್ಚ್‌ನಲ್ಲಿ, ಮತ್ತೆ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಸುಮಾರು ನಾಲ್ಕು ವರ್ಷ ಧನಕವಡಿಗೆ ಒಬ್ಬ ನಗರಸೇವಕನೂ ಇರಲಿಲ್ಲ, ಪ್ರಶಾಸಕರು ಊರು ನಡೆಸಿದರು. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ಆಗಲಿಲ್ಲ. ಇಲ್ಲಿ ಸರ್ವಾಧಿಕಾರಿ ಯಾರೂ ಇಲ್ಲ. ಮೀಸಲಾತಿಯ ಮೊಕದ್ದಮೆ, ವಾರ್ಡುಗಳ ಮರುವಿಂಗಡಣೆ, ಎಲ್ಲಕ್ಕೂ ಕಾರಣವಿತ್ತು. ಪಕ್ಷಗಳೂ ಬೇರೆ ಬೇರೆ. ನನ್ನನ್ನು ಕಾಡುವುದು ಒಂದೇ: ಪ್ರಾರ್ಥನೆ ನಿಂತಿದೆ ಎಂದು ಎಷ್ಟು ಜನರಿಗೆ ಗೊತ್ತಾಯಿತು? ನಮ್ಮಲ್ಲಿ ಅರ್ಧ ಜನರ ವೋಟು ಇನ್ನೂ ಊರಿನಲ್ಲಿದೆ. ಇಲ್ಲಿಯದು ನಮಗೆ ಸಂಬಂಧವಿಲ್ಲ, ಅಲ್ಲಿಯದಕ್ಕೆ ರಜೆ ಸಿಗುವುದಿಲ್ಲ. ವಲಸೆ ಬಂದವರಷ್ಟು ಸುಲಭವಾಗಿ ಪ್ರಜೆಯ ಕೆಲಸದಿಂದ ಬಿಡುಗಡೆ ಪಡೆದವರು ಬೇರೆ ಯಾರೂ ಇಲ್ಲ.

ನಾಟಕದ ಕೊನೆಯ ದೃಶ್ಯದಲ್ಲಿ ಎರಡು ಸಂಗತಿಗಳು ಒಂದರ ಬೆನ್ನಿಗೊಂದು ನಡೆಯುತ್ತವೆ. ಸಿಕ್ಕಿಬಿದ್ದ ಅಜೀಜ್, ನಿನ್ನ ನಿಜವಾದ ಶಿಷ್ಯ ನಾನೇ ಎಂದು ಸುಲ್ತಾನನೆದುರು ವಾದಿಸುತ್ತಾನೆ. ಸುಲ್ತಾನ ಅವನನ್ನು ಶಿಕ್ಷಿಸದೆ ದಖ್ಖನಿನಲ್ಲಿ ಹುದ್ದೆ ಕೊಟ್ಟು ಕಳಿಸುತ್ತಾನೆ. ಆಮೇಲೆ ಚರಿತ್ರಕಾರ ಬರನಿ ಅಪ್ಪಣೆ ಪಡೆದು ಹೊರಟುಹೋಗುತ್ತಾನೆ. ಹೆಚ್ಚಿನ ಪ್ರಯೋಗಗಳಲ್ಲಿ ನಾವು ಬರನಿಗಾಗಿ ಮರುಗುತ್ತೇವೆ. ನಾನು ಈಗ ಲೆಕ್ಕ ಹಾಕುವುದು ಕುರ್ಚಿಗಳನ್ನು. ಮರುಗಬಲ್ಲ, ಬರೆದಿಡಬಲ್ಲ ಒಬ್ಬ ಮನುಷ್ಯ ಎದ್ದು ಹೋದ. ಖೋಟಾ ಕಾಗದ ಮಾಡಬಲ್ಲ ಒಬ್ಬ ನೇಮಕವಾದ. ಸುಲ್ತಾನ ಆಯಾಸದಿಂದ ನಿದ್ದೆ ಹೋಗಿದ್ದಾನೆ. ಅಜೀಜ್ ನಮ್ಮ ಈ ದಖ್ಖನಿನ ಕಡೆಗೇ ಬರುತ್ತಿದ್ದಾನೆ, ಕೈಯಲ್ಲಿ ನೇಮಕದ ಪತ್ರ ಇದೆ, ಅದರ ಮೇಲಿನ ಮೊಹರು ಅಸಲಿ.